ಟ್ರೇಲರಿಗೆ ಬ್ರೇಕ್ ಹಾಕಿಸಿದ ವರ್ಷ

ಕೂಡ್ಲಿಗಿ ಬಸ್ ನಿಲ್ದಾಣದ ಪಕ್ಕದ ಅಂಗಡಿ ಸಾಲಿಗೆ ಕಾಲಿಟ್ಟರೆ ಈಗಲೂ ಆ ವಾಸನೆ ಮೂಗಿಗೆ ಬಡಿಯುತ್ತದೆ. ಮುಚ್ಚಳ ಬಿಚ್ಚಿಟ್ಟ ಬ್ಯಾಟರಿಗಳು ಚಾರ್ಜಿಗೆ ಕೂತು, ಒಳಗೇ ಗುಳುಗುಳು ಅನ್ನುತ್ತಾ ಬಿಡುವ ಹುಳಿ ವಾಸನೆ. ಗಂಟಲು ಕೆರೆಯುತ್ತದೆ, ಕಣ್ಣು ಚುರ್ ಅನ್ನುತ್ತದೆ. ಉಳಿದವರು ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತಾರೆ, ನಾನು ನಿಲ್ಲುತ್ತೇನೆ. ನನ್ನ ಹಳೆಯ ಸಿಟ್ಟು ಕೆಡದೆ ಉಳಿದಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕಿಲ್ಲ. ಮೊನ್ನೆ ತಾಲ್ಲೂಕು ಕಚೇರಿ ಕೆಲಸಕ್ಕೆ ಬಂದವಳು ಹಾಗೆ ನಿಂತು ಕಾನಹೊಸಹಳ್ಳಿಯ ಬಸ್ಸನ್ನೇ ತಪ್ಪಿಸಿಕೊಂಡೆ. ಸಿಟ್ಟು ಚೆನ್ನಾಗಿಯೇ ಇತ್ತು.

ನನ್ನ ಮಗಳಿಗೆ ಇನ್ನೂ ಹಲ್ಲು ಮೂಡದ ವರ್ಷ ಅದು. ನಮ್ಮದು ಕುರಿ ಸಾಕುವ ಮನೆ. ದೀಪಾವಳಿ ಮುಗಿದದ್ದೇ ಮಂದೆ ಊರು ಬಿಡುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿಯ ಹೊಳೆಸಾಲಿಗೆ ಇಳಿದು, ಅಲ್ಲಿಂದ ಹರಪನಹಳ್ಳಿ ಮೇಲೆ ಹಾಯ್ದು ಯುಗಾದಿ ಹೊತ್ತಿಗೆ ಮರಳುತ್ತದೆ. ಕೊಯ್ಲಾದ ಹೊಲಗಳಲ್ಲಿ ಕುರಿ ತರುಬಿದರೆ, ಅಂದರೆ ರಾತ್ರಿ ಕೂಡಿ ನಿಲ್ಲಿಸಿದರೆ, ಹೊಲದವರಿಗೆ ಗೊಬ್ಬರ, ನಮಗೆ ಕಾಳು. ಹೋಗುವುದು ಗಂಡಸರು, ಊರಲ್ಲಿ ಉಳಿಯುವುದು ಹೆಂಗಸರು. ಹಿಂದಿನ ವರ್ಷ ನಾನೂ ಉಳಿದಿದ್ದೆ. ಬಸುರಿಯಾಗಿದ್ದ ಅಷ್ಟೂ ತಿಂಗಳು ಗಂಡ ಎಂದರೆ ನನಗೆ ಫೋನಿನಲ್ಲಿ ಕೇಳುವ ಒಂದು ದನಿ, ಹಿಂದೆ ಕುರಿ ಒದರುವ ಸದ್ದು. ಈ ಸಲ ನಾನೂ ಬರುತ್ತೇನೆ, ಮಗಳು ಅಪ್ಪನ ಮುಖ ನೋಡಿಕೊಂಡು ಬೆಳೆಯಲಿ ಎಂದೆ. ಮನೆಯಲ್ಲಿ ಸಿಡಿಲು ಬಡಿದ ಹಾಗಾಯಿತು.

ಸಿಡಿಲಿನ ಹೆಸರು ಮೈಲಾರಪ್ಪ. ನನ್ನ ಗಂಡ ಹಾಲೇಶನ ಅಣ್ಣ, ನನಗೆ ಭಾವ, ಮಂದೆಯ ಯಜಮಾನ. ಕುರಿಗಳ ಮುಖವನ್ನು ಒಂದೊಂದಾಗಿ ಗುರುತು ಹಿಡಿಯುತ್ತಿದ್ದ ಆ ಮನುಷ್ಯ ನನ್ನ ಮುಖವನ್ನು ಸರಿಯಾಗಿ ನೋಡಿದ್ದನೋ ಇಲ್ಲವೋ. ತಮ್ಮನ ಹೆಂಡತಿ ಭಾವನ ಎದುರು ಬಾಯಿ ತೆರೆಯಬಾರದು, ಭಾವ ಆಕೆಯ ಹೆಸರು ಹಿಡಿದು ಕರೆಯಬಾರದು ಎನ್ನುವುದು ಆ ಮನೆಯ ಕಟ್ಟಳೆ. ಬಾಯಿ ತೆರೆಯಬಾರದು ಎಂದರೆ ಜಗಳ ಆಡಬಾರದು ಎಂದೇನಲ್ಲ. ಇಬ್ಬರ ನಡುವೆ ಹಾಲೇಶನನ್ನು ನಿಲ್ಲಿಸಿಕೊಂಡು ಆಡುತ್ತಿದ್ದೆವು.

"ಹಾಲೇಶಾ, ಕುರಿ ಹಿಂದ ತೊಟ್ಲು ಕಟ್ಕೊಂಡು ಹೋದೋರನ್ನ ಎಲ್ಲ್ಯಾರ ನೋಡಿಯೇನಲೇ?"

"ಅವರಿಗೆ ಹೇಳ್ರಿ, ತೊಟ್ಲು ಅವರ ಹೆಗಲ ಮ್ಯಾಲೆ ಕಟ್ಟಲ್ಲ, ಟ್ರೇಲರ್‌ನ್ಯಾಗ ಕಟ್ತೀನಿ ಅಂತ."

ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ಹಾಲೇಶ ಅತ್ತ ತಿರುಗಿ "ಟ್ರೇಲರ್ ಐತಲ್ಲಣ್ಣ" ಎಂದಷ್ಟೇ ಹೇಳುತ್ತಿದ್ದ. ನನ್ನ ಹತ್ತು ಮಾತು ಅವನ ಬಾಯಲ್ಲಿ ಒಂದಾಗುತ್ತಿತ್ತು, ಆ ಒಂದರಲ್ಲಿಯೂ ಖಾರ ಇರುತ್ತಿರಲಿಲ್ಲ. ಊರಿನವರೆಲ್ಲ ಹಾಲೇಶ ಬಂಗಾರದಂಥ ಹುಡುಗ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಟ್ರೇಲರನ್ನು ಹಾಲೇಶನೇ ಮನೆಯಂತೆ ಮಾಡಿದ್ದ. ಸುತ್ತ ತಗಡು, ಮೇಲೆ ಸೋಲಾರ್ ಹಲಗೆ. ಹಿಂದಿನ ಅರ್ಧದಲ್ಲಿ ಜಾಳಿಗೆಯ ಆಚೆ ದಾರಿಯಲ್ಲಿ ಹುಟ್ಟಿದ ಮರಿಗಳು, ಮುಂದಿನ ಅರ್ಧದಲ್ಲಿ ನಮ್ಮ ಹಾಸಿಗೆ, ತೊಟ್ಟಿಲು. ಮೂಲೆಯಲ್ಲಿ ಲಾರಿಯಿಂದ ತೆಗೆದ ದೊಡ್ಡ ಬ್ಯಾಟರಿ. ದೀಪ, ಫೋನು, ಮಗುವಿಗೊಂದು ಸಣ್ಣ ಫ್ಯಾನು, ತೋಳ ಬಂದರೆ ಬೆದರಿಸಲು ಛಾವಣಿಯ ಮೇಲೊಂದು ಜೋರು ಲೈಟು, ಎಲ್ಲಕ್ಕೂ ಅದೇ ಆಧಾರ. ಅದರ ಜೊತೆಗೆ ಭಾವನ ದೇವರು. ಕಂಬಳಿ ಸುತ್ತಿದ ಪೆಟ್ಟಿಗೆಯಲ್ಲಿ ಬೀರಪ್ಪ ಮಂದೆಯ ಜೊತೆಗೇ ಬರುತ್ತಾನೆ. ಮೊದಲೆಲ್ಲ ತರುಬಿದ ಕಡೆ ಸಂಜೆ ಒಂದು ಎಣ್ಣೆ ದೀಪ ಹಚ್ಚಿ ಕೈಮುಗಿದರೆ ಮುಗಿಯುತ್ತಿತ್ತು. ಟ್ರೇಲರಿಗೆ ಕರೆಂಟು ಬಂದ ಮೇಲೆ ಭಾವನ ಭಕ್ತಿ ಹೆಚ್ಚಿತು. ಹೊರಟ ದಿನದಿಂದ ಮರಳುವ ದಿನದವರೆಗೆ ಹಗಲೂ ರಾತ್ರಿ ಆರದಂತೆ ದೀಪ ಇಡುತ್ತೇನೆಂದು ಹರಕೆ ಹೊತ್ತು, ಪೆಟ್ಟಿಗೆಯ ಮುಂದೆ ಒಂದು ಕೆಂಪು ಬಲ್ಬು ಸಿಕ್ಕಿಸಿದ. ಎಣ್ಣೆ ಹೊಯ್ಯುವ ಕೆಲಸವಿಲ್ಲ, ಬತ್ತಿ ಹೊಸೆಯುವ ಕೆಲಸವಿಲ್ಲ, ಇಂಥ ಹರಕೆ ಯಾರು ಬೇಕಾದರೂ ಹೊರಬಹುದು.

ಹೊರಟ ಎರಡನೆಯ ದಿನವೇ ಹೆದ್ದಾರಿಯಿಂದ ಕೂಡ್ಲಿಗಿಗೆ ಇಳಿಯುವ ಕಡೆ ಟ್ರೇಲರ್ ತನ್ನ ಬುದ್ಧಿ ತೋರಿಸಿತು. ಹಾಲೇಶ ಟ್ರಾಕ್ಟರಿನ ಬ್ರೇಕ್ ಒತ್ತಿದ. ಟ್ರಾಕ್ಟರ್ ನಿಲ್ಲಲು ನೋಡಿತು, ಹಿಂದಿನ ಭಾರ ಕೇಳಲಿಲ್ಲ. ಟ್ರೇಲರ್ ಮುಂದಿನದನ್ನು ನೂಕುತ್ತಾ ಅಡ್ಡ ತಿರುಗಿತು. ಪಕ್ಕದಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಒಳಗಿದ್ದ ನಾನು ಮಗಳನ್ನು ಎದೆಗೆ ಒತ್ತಿಕೊಂಡು ತಗಡಿಗೆ ತಲೆ ಹೊಡೆಸಿಕೊಂಡೆ. ನಿಂತ ಮೇಲೆ ಕೆಳಗಿಳಿದು, ಈ ಬಂಡಿಗೆ ಸ್ವಂತ ಬ್ರೇಕ್ ಹಾಕಿಸುವವರೆಗೆ ನಾನು ಹತ್ತುವುದಿಲ್ಲ ಎಂದೆ.

ಭಾವ ರಸ್ತೆಯ ಆಚೆಯಿಂದಲೇ ತಮ್ಮನಿಗೆ ಹೇಳಿದ. "ಹತ್ತಬ್ಯಾಡ ಅನ್ನು. ಇಲ್ಲೇ ಊರಿಗೆ ಬಸ್ಸೈತಿ."

ಅವನಿಗೆ ಬೇಕಾಗಿದ್ದದ್ದೂ ಅದೇ. ಬಸ್ಸು ಹತ್ತಿದರೆ ಮಗಳಿಗೆ ಅಪ್ಪ ಯುಗಾದಿಗೆ, ಹತ್ತದಿದ್ದರೆ ಹಿಂದಿನಿಂದ ನೂಕುವ ಈ ಬಂಡಿ. ಎರಡೂ ಬೇಡವೆಂದು ಮಗುವನ್ನು ಎತ್ತಿಕೊಂಡು ಊರೊಳಗೆ ನಡೆದೆ.

ಹಾಗೆ ಸಿಕ್ಕಿದವನು ಖಾಜಾ. ಬ್ಯಾಟರಿ ಅಂಗಡಿಯವನು, ಗಲ್ಫಿನಲ್ಲಿ ವರ್ಷಗಟ್ಟಲೆ ಮರಳುಗಾಡಿಗೆ ಪ್ರವಾಸ ಹೋಗುವ ಮನೆಗಾಡಿಗಳ ಕೆಲಸ ಮಾಡಿ ಬಂದವನು. ಗಿರಾಕಿಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹಾಲೇಶ ನನ್ನ ಹಿಂದೆ ಮೆಲ್ಲಗೆ ತಂದು ನಿಲ್ಲಿಸಿದ ಟ್ರೇಲರನ್ನು ಹತ್ತಿ, ನಮ್ಮ ದೊಡ್ಡ ಬ್ಯಾಟರಿಯ ಮುಚ್ಚಳ ಬಿಚ್ಚಿ ಒಳಗೆ ನೋಡಿ, ಹೆಣ ನೋಡಿದವನಂತೆ ಮುಖ ಗಂಟು ಹಾಕಿದ.

"ನೀರು ಎಷ್ಟು ದಿನ ಆತು ನೋಡಿ? ಪ್ಲೇಟ್ ಒಣಗ್ಯಾವ. ನೀವು ಬ್ಯಾಟರಿ ಚಾರ್ಜ್ ಮಾಡಲ್ಲಮ್ಮ, ಸಾಯಿಸ್ತೀರಿ. ಪೂರಾ ಖಾಲಿ ಆಗೋಮಟ ಹಿಂಡೋದು, ಆಮ್ಯಾಲೆ ಒಂದು ತಾಸಿನ್ಯಾಗ ಕುದಿಸಿ ತುಂಬಿಸು ಅಂತ ನನ್ ತಲಿ ತಿನ್ನೋದು. ಈ ತಾಲ್ಲೂಕಿನ್ಯಾಗ ಎಲ್ಲಾರೂ ಕೊಲೆಗಾರರ ಅದಾರ."

ನಾನು ಬೈಸಿಕೊಳ್ಳಲು ಬಂದಿಲ್ಲ, ಬ್ರೇಕ್ ಹಾಕಿಸಲು ಬಂದಿದ್ದೇನೆ ಎಂದೆ. ಅವನ ಮುಖ ಸ್ವಲ್ಪ ಸಡಿಲವಾಯಿತು. ಗುಜರಿಗೆ ಬಂದ ಒಂದು ಮನೆಗಾಡಿಯ ಬ್ರೇಕ್ ಡ್ರಮ್ಮುಗಳನ್ನು ಕೊಳ್ಳುವವರಿಲ್ಲದೆ ಮೂಲೆಯಲ್ಲಿ ಇಟ್ಟುಕೊಂಡಿದ್ದ. ಒಳಗೆ ಅಯಸ್ಕಾಂತ ಇರುತ್ತದೆ, ಕರೆಂಟು ಹರಿದರೆ ಅದು ಡ್ರಮ್ಮಿಗೆ ಅಂಟಿ ಬ್ರೇಕನ್ನು ಹಿಡಿಸುತ್ತದೆ ಎಂದು ತೋರಿಸಿದ. ಟ್ರಾಕ್ಟರಿನಿಂದ ಒಂದು ವೈರು ಎಳೆದು, ಡ್ರೈವರ್ ಬ್ರೇಕ್ ಒತ್ತಿದಾಗ ಟ್ರೇಲರಿನ ಗಾಲಿಗಳೂ ಹಿಡಿಯುವಂತೆ ಮಾಡಿದ. ನಾವು ಊರ ಹೊರಗಿನ ಬೀಳಿನಲ್ಲಿ ಮಂದೆ ನಿಲ್ಲಿಸಿಕೊಂಡು ಕಾದೆವು. ಭಾವ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಕೊನೆಯ ದಿನ ಖಾಜಾ ಟ್ರೇಲರಿನ ಮೂತಿಯ ಹತ್ತಿರ ಒಂದು ಪುಟ್ಟ ಬ್ಯಾಟರಿ ಕೂರಿಸಿದ. ಅದೇನು ಎಂದು ಕೇಳಿದೆ.

"ಇದು ಕಡೀ ಜೀವ" ಎಂದ. "ಟ್ರಾಕ್ಟರಿನಿಂದ ಟ್ರೇಲರ್ ಕಳಚಿ ಹೋತು ಅನ್ನಿ. ವೈರೂ ಕಿತ್ತು ಬರ್ತೈತಿ. ಆವಾಗ ಈ ಸಣ್ಣ ಬ್ಯಾಟರಿ ತಾನೇ ಬ್ರೇಕ್ ಹಿಡಿತೈತಿ. ಟ್ರಾಕ್ಟರ್ ಓಡುವಾಗ ತುಂಬ್ತಾ ಇರ್ತೈತಿ. ಇದರಾಗಿಂದ ಒಂದು ಫೋನು ಕೂಡ ಚಾರ್ಜ್ ಮಾಡಬ್ಯಾಡ್ರಿ. ಇದು ಕೆಲಸಿಲ್ಲದ ಸುಮ್ನ ಕುಂದ್ರಬೇಕು, ಅದೇ ಇದರ ಕೆಲಸ."

ಹಾಲೇಶ ಚಹಾ ತರಲು ಹೋಗಿದ್ದ, ಇದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಮಂದೆಯ ಕಡೆ ಹೋಗುತ್ತಾ ಅವನಿಗೆ ಹೇಳಿದೆ. ಆ ಮಾತು ನನಗೆ ಈಗಲೂ ಬಾಯಿಪಾಠವಿದೆ. "ನಿಮ್ಮಣ್ಣಗ ಹೇಳ್ರಿ, ದೇವರ ಹೆಸರಿನ್ಯಾಗ ದೊಡ್ಡ ಬ್ಯಾಟರಿ ಹಗಲೆಲ್ಲಾ ತಿಂದು ಮುಗಿಸ್ಯಾರ, ನನ್ ಮಗಳಿಗೆ ಫ್ಯಾನ್ ಇಲ್ಲ. ಈ ಸಣ್ಣದರ ಮ್ಯಾಲೆ ಕಣ್ಣು ಹಾಕಿದ್ರ ಅವರ ಕೈ ಮುರಿದು ಬೀರಪ್ಪನ ಮುಂದ ಇಡ್ತೀನಿ." ಹಾಲೇಶ ನಕ್ಕು ಹೂಂ ಎಂದ.

ಆಮೇಲಿನ ದಿನಗಳಿಗೆ ಹೆಸರಿಡುವುದು ಕಷ್ಟ. ಚಳಿ ಬಿದ್ದಿತ್ತು. ಕೊಟ್ಟೂರು ದಾಟಿದ ಮೇಲೆ ಕೊಯ್ದ ಜೋಳದ ಕೂಳೆಗಳ ಮೇಲೆ ಬೆಳಗಿನ ಇಬ್ಬನಿ, ಅದರ ಮೇಲೆ ಕುರಿಗಳ ಉಸಿರು. ಹಗರಿಬೊಮ್ಮನಹಳ್ಳಿಯ ಆಚೆ ಒಂದು ಸಂಜೆ ತೋಳಗಳು ಹೊಲದ ಬದುವಿನವರೆಗೆ ಬಂದವು, ಛಾವಣಿಯ ಲೈಟು ಹಾಕಿದ್ದಕ್ಕೆ ಹಿಂದೆ ಸರಿದವು. ಹಡಗಲಿಯ ಹೊಳೆದಂಡೆಯಲ್ಲಿ ಮಗಳು ಮೊದಲ ಸಲ ಅಪ್ಪನನ್ನು ಕಂಡು ಕೈ ಚಾಚಿದಳು. ಹಾಲೇಶ ಅಂದು ಎಲ್ಲರಿಗೂ ಫೋನ್ ಮಾಡಿ ಹೇಳಿದ. ನಾನು ಬಂದದ್ದು ಸಾರ್ಥಕವಾಯಿತು ಎನ್ನಿಸಿತು. ಇಳಿಜಾರುಗಳಲ್ಲಿ ಟ್ರೇಲರ್ ಈಗ ಮರ್ಯಾದೆಯಿಂದ ಹಿಂದೆಯೇ ಬರುತ್ತಿತ್ತು.

ಭಾವ ಮಾತ್ರ ಕೈತೊಳೆದುಕೊಂಡು ನನ್ನ ಹಿಂದೆ ಬಿದ್ದಿದ್ದ. ಕುರಿಮರಿಯೊಂದು ಸತ್ತರೆ, ಹೆಂಗಸಿನ ಕಾಲ್ಗುಣ ಎಂದು ಹಾಲೇಶನಿಗೆ ಹೇಳುತ್ತಿದ್ದ. ಮಗು ಅತ್ತರೆ, ಈ ಅಳುವಿಗೆ ತೋಳ ಹುಡುಕಿಕೊಂಡು ಬರುತ್ತದೆ ಎನ್ನುತ್ತಿದ್ದ. ನಾನೂ ಬಿಡಲಿಲ್ಲ. ಊಟಕ್ಕೆ ಕೂತಾಗ ಮುದ್ದೆಯನ್ನು ಅವನ ತಟ್ಟೆಗೆ ಧೊಪ್ಪೆಂದು ಬೀಳುವಷ್ಟು ಮೇಲಿನಿಂದ ಇಕ್ಕುತ್ತಿದ್ದೆ. ಕೆಂಪು ಬಲ್ಬನ್ನು ಕಂಡಾಗಲೆಲ್ಲ, ಹಗಲು ಹೊತ್ತು ದೇವರಿಗೂ ಕಣ್ಣು ಕಾಣುತ್ತದೆ ಎಂದು ಅವನಿಗೆ ಕೇಳುವಂತೆ ತೊಟ್ಟಿಲಿಗೆ ಹೇಳುತ್ತಿದ್ದೆ. ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧ, ಅದನ್ನು ಮುಚ್ಚಿಟ್ಟುಕೊಳ್ಳುವಷ್ಟು ನಯ ಇಬ್ಬರಿಗೂ ಇರಲಿಲ್ಲ. ಹರಪನಹಳ್ಳಿಯ ಕಡೆ ತಿರುಗುವ ಹೊತ್ತಿಗೆ ದೊಡ್ಡ ಬ್ಯಾಟರಿ ದಿನವಿಡೀ ಚೆನ್ನಾಗಿ ನಿಲ್ಲತೊಡಗಿತು, ಫ್ಯಾನು ತಿರುಗಿತು. ಖಾಜಾ ಅದಕ್ಕೆ ನೀರು ಹಾಕಿದ್ದು ಒಳ್ಳೆಯದಾಯಿತು ಎಂದುಕೊಂಡೆ.

ಚಿಗಟೇರಿಯ ಹತ್ತಿರ ಒಂದು ದೊಡ್ಡ ಹೊಲದಲ್ಲಿ ಹಲವು ದಿನ ಕುರಿ ತರುಬಿದೆವು. ಅಷ್ಟೂ ದಿನ ಟ್ರಾಕ್ಟರ್ ಚಾಲೂ ಆಗಲಿಲ್ಲ. ಹೊರಟ ದಿನ ಬೆಳಿಗ್ಗೆ ಎಳೆ ಬಿಸಿಲು. ಏರು ದಾರಿ, ಎರಡೂ ಕಡೆ ನೀರಾವರಿಯ ಮೆಕ್ಕೆಜೋಳ ನಿಂತಿತ್ತು. ಕುರಿ ಬಾಯಿ ಹಾಕಿದರೆ ಹೊಲದವರು ಬಿಡುವುದಿಲ್ಲವಾದ್ದರಿಂದ ಭಾವ ಮಂದೆಯನ್ನು ರಸ್ತೆಯ ಮೇಲೇ ಒತ್ತಾಗಿ, ಟ್ರೇಲರಿನ ಹಿಂದೆಯೇ ತರುತ್ತಿದ್ದ. ಮಂದೆಗೂ ಟ್ರೇಲರಿಗೂ ನಡುವೆ ಅವನೊಬ್ಬನೇ ಕೋಲು ಹಿಡಿದು ನಡೆಯುತ್ತಿದ್ದ. ಮಗಳು ಒಳಗೆ ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಳು. ನಾನು ಬಿಸಿಲು ಕಾಯಲು ಹಾಲೇಶನ ಪಕ್ಕ ಟ್ರಾಕ್ಟರಿನ ಮೇಲೆ ಕೂತಿದ್ದೆ.

ಏರಿನ ನೆತ್ತಿ ಇನ್ನೇನು ಬಂತು ಎನ್ನುವಾಗ ಟ್ರಾಕ್ಟರ್ ತಟ್ಟನೆ ಹಗುರಾಗಿ ಮುಂದೆ ಚಿಮ್ಮಿತು. ತಿರುಗಿ ನೋಡಿದೆ. ಟ್ರೇಲರನ್ನು ಟ್ರಾಕ್ಟರಿಗೆ ಜೋಡಿಸುವ ಗೂಟ ಕಳಚಿ, ವೈರು ಕಿತ್ತು ನೇತಾಡುತ್ತಿತ್ತು. ಟ್ರೇಲರ್ ಒಂದು ಗಳಿಗೆ ಅಲ್ಲೇ ನಿಂತಿತು. ಈಗ ಸಣ್ಣ ಬ್ಯಾಟರಿ ಹಿಡಿಯುತ್ತದೆ ಎಂದು ನಾನು ಮನಸ್ಸಿನಲ್ಲಿ ಹೇಳಿಕೊಂಡದ್ದು ನೆನಪಿದೆ. ಗಾಲಿಗಳು ಒಂದು ಸಲ ಕಿರ್ ಎಂದವು, ಆಮೇಲೆ ಬಿಟ್ಟುಬಿಟ್ಟವು. ಟ್ರೇಲರ್ ಹಿಂದಕ್ಕೆ ಇಳಿಯತೊಡಗಿತು.

ನಾನು ಹಾರಿ ಓಡಿದೆ. ಎಷ್ಟು ಓಡಿದರೂ ಅದು ನನಗಿಂತ ಮುಂದಿತ್ತು. ಭಾವ ಕೋಲನ್ನು ಗಾಲಿಗೆ ಅಡ್ಡ ಕೊಟ್ಟ, ಕೋಲು ಮುರಿಯಿತು. ಭುಜ ಕೊಟ್ಟ, ಅದು ಅವನನ್ನು ಪಕ್ಕಕ್ಕೆ ಎಸೆಯಿತು. ಹಿಂದೆ ಮಂದೆ ರಸ್ತೆ ತುಂಬ ಒತ್ತಿಕೊಂಡು ನಿಂತಿತ್ತು. ಮುಂದಿನ ಕುರಿಗಳಿಗೆ ಹಿಂದೆ ಸರಿಯಲು ಜಾಗ ಇರಲಿಲ್ಲ. ಟ್ರೇಲರ್ ಅವುಗಳ ಮೇಲೆ ಹತ್ತಿತು, ಮತ್ತೆ ಕೆಲವುಗಳ ಮೇಲೆ ಹತ್ತಿತು, ಒಂದು ಕಡೆ ವಾಲಿ ನಿಂತಿತು. ಆ ಟ್ರೇಲರಿಗೆ ಬ್ರೇಕ್ ಆದದ್ದು ಕುರಿಗಳು.

ಮಗಳು ಅಳುತ್ತಿದ್ದಳು. ಒಳಗೆ ಹತ್ತಿ ನೋಡಿದರೆ ತೊಟ್ಟಿಲು ಇನ್ನೂ ತೂಗುತ್ತಿತ್ತು, ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಎತ್ತಿಕೊಂಡು ಅಲ್ಲೇ ಕೂತೆ. ಕಣ್ಣೆದುರಿಗೇ ಬೀರಪ್ಪನ ಪೆಟ್ಟಿಗೆ, ಅದರ ಮುಂದಿನ ಬಲ್ಬಿನಲ್ಲಿ ಕೆಂಡದ ಕೊನೆಯ ಚುಕ್ಕೆಯಷ್ಟು ಬೆಳಕು. ಅದರ ವೈರನ್ನು ಕಣ್ಣಿನಿಂದಲೇ ಹಿಡಿದು ಹೋದೆ. ಅದು ದೊಡ್ಡ ಬ್ಯಾಟರಿಗೆ ಹೋಗಿರಲಿಲ್ಲ. ತಗಡಿನ ತೂತಿನಿಂದ ಹೊರಗೆ ಹಾದು, ಮೂತಿಯ ಹತ್ತಿರದ ಸಣ್ಣದಕ್ಕೆ ಹೋಗಿತ್ತು.

ಕೆಳಗಿಳಿದಾಗ ಭಾವ ರಸ್ತೆಯಲ್ಲಿ ಕೂತು, ಜಜ್ಜಿಹೋದ ಒಂದು ಮುದಿ ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವನ ಭುಜದಿಂದ ರಕ್ತ ಇಳಿಯುತ್ತಿತ್ತು. ನನಗೆ ಕರುಣೆ ಬರಲಿಲ್ಲ. ಅವನನ್ನು ಕೊಂದುಬಿಡಬೇಕು ಎನ್ನುವಷ್ಟು ಸಿಟ್ಟು ಬಂತು. ಕಟ್ಟಳೆ ಎಲ್ಲಿ ಹೋಯಿತೋ, ನೇರವಾಗಿ ಅವನ ಮುಖಕ್ಕೇ ಕೇಳಿದೆ.

"ಆ ಸಣ್ಣ ಬ್ಯಾಟರಿಗೆ ದೀಪದ ವೈರು ಯಾಕ ಕೊಟ್ರಿ?"

ಅವನು ತಲೆ ಎತ್ತಿದ. ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ.

"ನೀನೇ ಅಂದ್ಯಂತಲ್ಲ, ದೊಡ್ಡದು ಉಳಿಸಬೇಕು, ಕೂಸಿಗೆ ಫ್ಯಾನ್ ಬೇಕು ಅಂತ. ಅದಕ್ಕ ತಗದು ಇದಕ್ಕ ಕೊಟ್ಟೆ. ತುಂಬಿದ್ದು ಏನೂ ಕೆಲಸಿಲ್ಲದ ಕುಂತಿತ್ತು. ಬೆಳಿಗ್ಗೆ ಬಲ್ಬು ಮಂಕಾಗಿತ್ತು, ಧೂಳು ಅಂತ ಒರಸಿದೆ."

"ಅದನ್ನ ಮುಟ್ಟಬಾರದು ಅಂತನೂ ಹೇಳಿದ್ನಲ್ಲ."

"ಯಾರಿಗೆ ಹೇಳಿದಿ?"

ಇಬ್ಬರೂ ಒಟ್ಟಿಗೆ ಹಾಲೇಶನ ಕಡೆ ತಿರುಗಿದೆವು. ಅವನು ಕಳಚಿದ ಗೂಟವನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಗೂಟ ಜಾರದಂತೆ ಹಾಕುವ ಕ್ಲಿಪ್ಪು ಹಡಗಲಿಯಲ್ಲೇ ಕಳೆದುಹೋಗಿತ್ತಂತೆ, ಅದರ ಜಾಗದಲ್ಲಿ ಒಂದು ತಂತಿ ಸುತ್ತಿದ್ದ. ಕಳೆದದ್ದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಾವಿಬ್ಬರೂ ಮತ್ತೆ ಶುರು ಮಾಡುತ್ತೇವೆಂದು.

"ನೀನು ಬೈದು ಹೇಳಿದ್ಯಲ್ಲ" ಎಂದ ನನಗೆ, ಮೆಲ್ಲಗೆ. "ಬೈಗುಳ ಬಿಟ್ಟು ಉಳಿದದ್ದು ಅಣ್ಣಗ ಹೇಳಿದೆ. ಸಣ್ಣ ಬ್ಯಾಟರಿದು, ಕೈ ಮುರಿತೀನಿ ಅಂದ್ಯಲ್ಲ, ಅದೂ ಬೈಗುಳನ ಅಂದ್ಕಂಡು ಬಿಟ್ಟೆ. ಇಬ್ರೂ ಚಲೋ ಇರಲಿ ಅಂತ ಮಾಡಿದ್ದು."

ನನ್ನ ಸಿಟ್ಟು ಒಂದು ಕ್ಷಣ ಯಾರ ಮೇಲೆ ಹೋಗಬೇಕೆಂದು ತಿಳಿಯದೆ ನಿಂತಿತು. ಆಮೇಲೆ ತಿಳಿಯಿತು. ಭಾವ ನನ್ನನ್ನು ಬೈದರೆ ಬೈದದ್ದು ಕೇಳಿಸುತ್ತಿತ್ತು, ನನಗೆ ಕೆಟ್ಟದ್ದು ಬಯಸಿದರೆ ಎದುರಿಗೇ ಬಯಸುತ್ತಿದ್ದ. ಈ ಬಂಗಾರದ ಮನುಷ್ಯ ಎರಡೂ ಕಡೆ ನಗುನಗುತ್ತಾ, ಇಬ್ಬರ ಮಾತನ್ನೂ ಸೋಸಿ ಸೋಸಿ, ನನ್ನ ಮಗಳನ್ನು ಒಂದು ತಂತಿಯ ಮೇಲೆ ನೇತುಹಾಕಿದ್ದ. ಅವನನ್ನು ಹೊಡೆಯಲು ಕೈ ಎತ್ತಿದೆ. ಮಗು ಇದ್ದ ಕೈ ಅದು, ಇಳಿಸಿದೆ.

ಮಧ್ಯಾಹ್ನದ ಹೊತ್ತಿಗೆ ಹರಪನಹಳ್ಳಿಯಿಂದ ಬಂದ ಜನ ಸತ್ತ ಕುರಿಗಳನ್ನು ಒಯ್ದರು. ಭಾವ ಅವುಗಳ ಕೊರಳ ಗಂಟೆಗಳನ್ನು ಬಿಚ್ಚಿಕೊಂಡ. ಆಮೇಲೆ ಟ್ರೇಲರ್ ಹತ್ತಿ, ಭುಜಕ್ಕೆ ಕಟ್ಟಿದ್ದ ಬಟ್ಟೆಯನ್ನು ಹಲ್ಲಿನಲ್ಲಿ ಬಿಗಿದು, ಬೀರಪ್ಪನ ಬಲ್ಬಿನ ವೈರನ್ನು ಎರಡೂ ಕಡೆ ಕಿತ್ತುಹಾಕಿದ. ಹರಕೆ ಅಲ್ಲಿಗೆ ಮುರಿಯಿತು. "ಇನ್ನ ಕತ್ತಲಾಗೇ ಇರಪ್ಪ" ಎಂದು ಪೆಟ್ಟಿಗೆಗೆ ಹೇಳಿದ, ಹೇಳಿ ಬಹಳ ಹೊತ್ತು ಇಳಿಯಲಿಲ್ಲ.

ಅವನು ಇಳಿದು ಬರುವ ಹೊತ್ತಿಗೆ ಹಾಲೇಶ ನನ್ನ ಬಟ್ಟೆಯ ಗಂಟು ಕಟ್ಟಿಟ್ಟಿದ್ದ. ತಪ್ಪು ಮಾಡಿದವನು ತಿದ್ದಿಕೊಳ್ಳಲು ಹೊರಟಿದ್ದು ಹಾಗೆ. ಹರಪನಹಳ್ಳಿಯಿಂದ ಬಸ್ಸು ಹತ್ತಿಸುತ್ತೇನೆ, ನೀನೂ ಕೂಸೂ ಊರಿಗೆ ಹೋಗಿರಿ, ಅಣ್ಣನಿಗೂ ಅದೇ ಬೇಕಾಗಿತ್ತಲ್ಲ, ಇನ್ನು ಜಗಳವೇ ಇರುವುದಿಲ್ಲ ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಗಂಟನ್ನು ನೋಡಿದೆ. ಬೇಡ ಎನ್ನುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಭಾವ ಈಗ ಏನನ್ನುತ್ತಾನೆಂದು ನನಗೆ ಗೊತ್ತಿತ್ತು, ಹೊರಟ ದಿನದಿಂದ ಅವನು ಅದನ್ನೇ ಅನ್ನುತ್ತಾ ಬಂದಿದ್ದ.

ಭಾವ ಗಂಟನ್ನು ಎತ್ತಿ ಟ್ರೇಲರಿನೊಳಗೆ ಎಸೆದ. ನನ್ನ ಮೇಲಿನ ಪ್ರೀತಿಯಿಂದಲ್ಲ, ಅದನ್ನು ಅವನ ಮುಖದಲ್ಲೇ ನೋಡಬಹುದಿತ್ತು. ಹಾಲೇಶನನ್ನು ದಾಟಿ, ನೇರವಾಗಿ ನನಗೇ ಹೇಳಿದ.

"ನೀ ಹೋದ್ರ ನನಗ ಖರೇ ಹೇಳೋರು ಯಾರದಾರ? ಇವ್ನಾ?"